ಚಿಕ್ಕೋಡಿ ಸೀಮೆಯ ಕರಿಕಲ್ಲೂ ಸಾಗರತಳದ ಚರಿತ್ರೆಯೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಗಳ ಬಹುಭಾಗದಲ್ಲಿ ಎರೆಮಣ್ಣಿನ ಕೆಳಗೆ ದೊರೆಯುವ ಕರಿಕಲ್ಲು ದಖನ್ ಟ್ರ್ಯಾಪ್ ಎಂಬ ಬಸಾಲ್ಟ್ ಶಿಲೆ. ರಾಬರ್ಟ್ ಬ್ರೂಸ್ ಫುಟ್ ಅವರು ದಕ್ಷಿಣ ಮರಾಠಾ ಪ್ರದೇಶದ ಭೂರಚನೆಯನ್ನು ಕುರಿತು 1876ರಲ್ಲಿ ಪ್ರಕಟಿಸಿದ ಗ್ರಂಥವು ಈ ಶಿಲೆಯನ್ನೂ ಒಳಗೊಂಡಿದೆ. ಇದು ಲಾವಾರಸವು ಹರಿದು ಪದರಪದರವಾಗಿ ಗಟ್ಟಿಯಾದುದೆಂದು ಅಂದಿನ ವಿದ್ವಾಂಸರು ಬಲ್ಲವರಾಗಿದ್ದರು. ಆಗ ಈ ನೆಲವೇ ಬೇರೊಂದೆಡೆ ಇದ್ದಿತೆಂಬುದನ್ನು ಮಾತ್ರ ಅರಿತಿರಲಿಲ್ಲ.

ಬಸಾಲ್ಟ್ ಆರುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಅಂದಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಕ್ಲೆಗ್, ಡಾಯ್ಚ್ ಮತ್ತು ಗ್ರಿಫಿತ್ಸ್ ಅವರು ದಖನ್ ಶಿಲೆಗಳಲ್ಲಿ ಈ ದಿಕ್ಕನ್ನು ಅಳೆದು, ಭಾರತವು ಆಗ ಭೂಮಧ್ಯರೇಖೆಯ ದಕ್ಷಿಣಕ್ಕಿದ್ದಿತೆಂದು 1956ರಲ್ಲಿ ತೋರಿಸಿದರು. 1912ರಲ್ಲಿ ವೆಗೆನರ್ ಮಂಡಿಸಿದ ಖಂಡಚಲನವಾದಕ್ಕೆ ಇದು ಬಲವಾದ ಸಾಕ್ಷ್ಯ. ಆದರೆ ಖಂಡವು ಚಲಿಸಿದುದು ಹೇಗೆ?

ಉತ್ತರವು ನಮ್ಮ ಪಶ್ಚಿಮದ ಕಡಲಿನಿಂದಲೇ ಬಂದಿತು. 1962ರಲ್ಲಿ ಕಾರ್ಲ್ಸ್‌ಬರ್ಗ್ ಎಂಬ ಸಾಗರತಳದ ಪರ್ವತಶ್ರೇಣಿಯ ಮೇಲೆ ನಡೆದ ಅಳತೆಗಳನ್ನು ಆಧರಿಸಿ, ಶ್ರೇಣಿಯ ನಡುಸೀಳಿನಲ್ಲಿ ಹುಟ್ಟಿದ ಹೊಸ ಬಸಾಲ್ಟ್ ಇಕ್ಕೆಲಗಳಿಗೂ ಸರಿಯುತ್ತದೆಂದೂ, ಭೂಕಾಂತವು ತಿರುಗುಮುರುಗಾದಂತೆಲ್ಲ ಅದರಲ್ಲಿ ಪಟ್ಟೆಗಳು ಮೂಡುತ್ತವೆಂದೂ ವೈನ್ ಮತ್ತು ಮ್ಯಾಥ್ಯೂಸ್ 1963ರಲ್ಲಿ ಪ್ರತಿಪಾದಿಸಿದರು.

1987ರಲ್ಲಿ ಸಾಗರತಳವನ್ನು ಕೊರೆದಾಗ, ಲಕ್ಷದ್ವೀಪ–ಚಾಗೋಸ್ ಶ್ರೇಣಿಯ ಶಿಲೆಗಳು ದಕ್ಷಿಣಕ್ಕೆ ಹೋದಂತೆ ಕಿರಿಯವಾಗುವುದು ಕಂಡಿತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ ಲಾವಾರಸವನ್ನು ಉಕ್ಕಿಸಿದ ಉಷ್ಣಮೂಲವು ಇಂದು ರಿಯೂನಿಯನ್ ದ್ವೀಪದ ಕೆಳಗಿದೆಯೆಂಬುದು ಬಹುಮಂದಿ ವಿದ್ವಾಂಸರ ಮತ. ಮೂಲವು ಹಿಂದುಳಿಯಿತು, ಭೂಫಲಕವು ಉತ್ತರಕ್ಕೆ ಸಾಗಿತು. ಅದು ಸಾಗಿದ ಜಾಡೇ ಈ ಶ್ರೇಣಿ.

ಆದುದರಿಂದ ಅಥಣಿಯ ಬಾವಿಯಲ್ಲಿ ದೊರೆಯುವ ಕಲ್ಲನ್ನು ಸ್ಥಳೀಯ ವಸ್ತುವೆಂದಷ್ಟೇ ನಾವು ಎಣಿಸಲಾಗದು. ಅದರ ಚರಿತ್ರೆಯ ಉಳಿದ ಪುಟಗಳು ಕಡಲಿನಡಿಯಲ್ಲಿವೆ.