ಮಿಷನ್ ಆಸ್ಪತ್ರೆಯ ಹಳೆಯ ಹೆರಿಗೆ ಪುಸ್ತಕಗಳು

ಕಚೇರಿಯಾಗಲಿ, ಆಸ್ಪತ್ರೆಯಾಗಲಿ, ಹಳೆಯ ದಾಖಲೆಗಳ ಗತಿ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವಂಥದೇ. ಕೆಲವು ವರ್ಷ ಅಟ್ಟದ ಮೇಲೆ ದೂಳು ತಿಂದು, ಗೆದ್ದಲಿಗೆ ಆಹಾರವಾಗಿ, ಉಳಿದದ್ದು ರದ್ದಿ ಅಂಗಡಿ ಸೇರುತ್ತದೆ. ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದಕ್ಕೊಂದು ಅಪವಾದ. ವೆಸ್ಲಿಯನ್ ಮಿಷನರಿಗಳು 1906ರಲ್ಲಿ ಆರಂಭಿಸಿದ ಈ ಆಸ್ಪತ್ರೆ ಊರವರ ಬಾಯಲ್ಲಿ ‘ಮಿಷನ್ ಆಸ್ಪತ್ರೆ’. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟ ದಾಖಲೆಗಳು ಉಳಿದುಕೊಂಡವು. ತಾಯಿಯ ತೂಕವೂ ಅದರಲ್ಲಿತ್ತು. ಬರೆದ ದಾದಿಯರಿಗೆ ಅದು ದಿನನಿತ್ಯದ ಕೆಲಸ, ಅಷ್ಟೆ. ಅರವತ್ತು ವರ್ಷಗಳ ನಂತರ ಈ ಪುಸ್ತಕಗಳನ್ನು ಹುಡುಕಿಕೊಂಡು ವಿಜ್ಞಾನಿಗಳು ಬರುತ್ತಾರೆಂದು ಯಾರು ತಾನೇ ಎಣಿಸಿದ್ದರು?

ಕಥೆಯ ಆರಂಭ ಇಂಗ್ಲೆಂಡಿನಲ್ಲಿದೆ. ಸೌತಾಂಪ್ಟನ್ನಿನ ವೈದ್ಯವಿಜ್ಞಾನಿ ಡೇವಿಡ್ ಬಾರ್ಕರ್ 1986ರಲ್ಲಿ ಒಂದು ವಿಚಿತ್ರ ಹೊಂದಾಣಿಕೆಯನ್ನು ಪ್ರಕಟಿಸಿದರು. 1920ರ ದಶಕದಲ್ಲಿ ಯಾವ ಪ್ರದೇಶಗಳಲ್ಲಿ ಹಸುಗೂಸುಗಳು ಹೆಚ್ಚಾಗಿ ಸತ್ತಿದ್ದವೋ, ಅರ್ಧ ಶತಮಾನ ಕಳೆದ ಮೇಲೆ ಹೃದ್ರೋಗದಿಂದ ಹೆಚ್ಚು ಜನ ಸಾಯುತ್ತಿದ್ದುದೂ ಅಲ್ಲಿಯೇ. ಹೃದ್ರೋಗವೆಂದರೆ ಉಳ್ಳವರ ಕಾಯಿಲೆ, ತುಪ್ಪ ಬೆಣ್ಣೆ ತಿಂದವರ ಕಾಯಿಲೆ ಎಂಬ ನಂಬಿಕೆ ಬೇರೂರಿದ್ದ ಕಾಲವದು. ಬಡ ಊರುಗಳಲ್ಲೇಕೆ ಅದು ಹೆಚ್ಚು? ತಾಯಿಯ ಹೊಟ್ಟೆಯಲ್ಲಿದ್ದಾಗ ಅನುಭವಿಸಿದ ಕೊರತೆ ಮುಂದೆ ನಡುವಯಸ್ಸಿನಲ್ಲಿ ಸೇಡು ತೀರಿಸಿಕೊಳ್ಳುತ್ತದೆಯೇ?

ಇದನ್ನು ಪರೀಕ್ಷಿಸಲು ಭೂಪಟ ಸಾಲದು, ಒಬ್ಬೊಬ್ಬ ವ್ಯಕ್ತಿಯ ಜನನದ ವಿವರ ಬೇಕು. ಅದು ಸಿಕ್ಕಿದ್ದು ಹರ್ಟ್‌ಫರ್ಡ್‌ಶೈರ್ ಜಿಲ್ಲೆಯಲ್ಲಿ. ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮುಖ್ಯ ಆರೋಗ್ಯ ಸಂದರ್ಶಕಿಯ ಮೇಲ್ವಿಚಾರಣೆಯಲ್ಲಿ 1911ರಿಂದ ಅಲ್ಲಿನ ಮಕ್ಕಳ ಹುಟ್ಟು ತೂಕವನ್ನೂ ಒಂದು ವರ್ಷದ ತೂಕವನ್ನೂ ದಪ್ಪ ಪುಸ್ತಕಗಳಲ್ಲಿ ದಾಖಲಿಸಲಾಗಿತ್ತು. ಮದುವೆಯಾದ ಹೆಣ್ಣುಮಕ್ಕಳ ಹೆಸರು ಬದಲಾಗುವ ಕಾರಣ ಮೊದಲಿಗೆ ಗಂಡಸರ ಜಾಡನ್ನಷ್ಟೇ ಹಿಡಿಯಲಾಯಿತು. 1911ರಿಂದ 1930ರೊಳಗೆ ಹುಟ್ಟಿದ 5,654 ಗಂಡಸರ ಲೆಕ್ಕ 1989ರಲ್ಲಿ ಪ್ರಕಟವಾಯಿತು. ಶೈಶವದಲ್ಲಿ ತೂಕ ಕಡಿಮೆಯಿದ್ದವರಲ್ಲೇ ಹೃದ್ರೋಗದ ಸಾವು ಹೆಚ್ಚಾಗಿತ್ತು.

ಭಾರತದ ಮಟ್ಟಿಗೆ ಇದು ಸಣ್ಣ ಮಾತಲ್ಲ. ನಮ್ಮ ಕೂಸುಗಳು ಹುಟ್ಟುವಾಗಲೇ ಸಣಕಲು. ಹೃದ್ರೋಗ, ಸಕ್ಕರೆ ಕಾಯಿಲೆಗಳೂ ಬೇಗ ಬರುತ್ತವೆ. ಆದರೆ ಅರ್ಧ ಶತಮಾನದ ಹಿಂದಿನ ತೂಕವನ್ನು ಯಾರು ಬರೆದಿಟ್ಟಿದ್ದಾರೆ? ಮಿಷನ್ ಆಸ್ಪತ್ರೆಯ ಪುಸ್ತಕಗಳಿಗೆ ಬೆಲೆ ಬಂದದ್ದು ಆಗ.

ಪುಸ್ತಕ ಸಿಕ್ಕ ಮಾತ್ರಕ್ಕೆ ಮನುಷ್ಯ ಸಿಕ್ಕುವುದಿಲ್ಲ. ದಾಖಲೆಯಲ್ಲಿರುವ ಕೂಸಿಗೆ ಇನ್ನೂ ನಾಮಕರಣವೇ ಆಗಿರುವುದಿಲ್ಲ. ಆ ತಲೆಮಾರಿನ ಅನೇಕರಿಗೆ ಗೊತ್ತಿರುವ ಜನ್ಮದಿನ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು. ಆದರೂ ಆಸ್ಪತ್ರೆಯ ಸುತ್ತಮುತ್ತ ಮನೆಮನೆಗೆ ಹೋಗಿ, ‘ನೀವು ಹುಟ್ಟಿದ್ದು ಮಿಷನ್ ಆಸ್ಪತ್ರೆಯಲ್ಲೇನು?’ ಎಂದು ವಿಚಾರಿಸಿ, ಹಳೆಯ ಪುಟಗಳೊಂದಿಗೆ ತಾಳೆ ನೋಡುವ ಕೆಲಸ ನಡೆಯಿತು. 1934ರಿಂದ 1954ರ ನಡುವೆ ಹುಟ್ಟಿದ 517 ಗಂಡಸರು, ಹೆಂಗಸರು ಪರೀಕ್ಷೆಗೆ ಒಳಗಾದರು.

1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ 11 ಮಂದಿಗೆ ಹೃದ್ರೋಗ, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಕೇವಲ ಶೇ 3. ಕೂಸೂ ಹಗುರ, ತಾಯಿಯೂ ಸಣಕಲಾಗಿದ್ದ ಕಡೆ ಪ್ರಮಾಣ ಶೇ 20ಕ್ಕೆ ಏರಿತ್ತು. ಅಲ್ಲಿಗೆ ಇಂಗ್ಲೆಂಡಿನ ಮಾತನ್ನೇ ಮೈಸೂರೂ ಹೇಳಿದಂತಾಯಿತು.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮಾತ್ರ ಮೈಸೂರು ಬೇರೆಯೇ ಮಾತಾಡಿತು. 1998ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಇಲ್ಲಿ ಕಡಿಮೆ ತೂಕಕ್ಕೂ ಈ ಕಾಯಿಲೆಗೂ ನಂಟು ಕಾಣಲಿಲ್ಲ. ಉದ್ದ ಕಡಿಮೆಯಿದ್ದು ಗುಂಡಗೆ ಹುಟ್ಟಿದವರಲ್ಲಿ, ಗರ್ಭಿಣಿಯಾಗಿದ್ದಾಗ ದಪ್ಪಗಿದ್ದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚು. ಹಾಗಾದರೆ ಆ ತಾಯಂದಿರಿಗೆ ಬಸಿರಿನಲ್ಲಿ ಸಕ್ಕರೆ ಏರಿತ್ತೇ? ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆದ್ದರಿಂದ 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರ ರಕ್ತ ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ಅಳೆಯುವ ಹೊಸ ಅಧ್ಯಯನ ಶುರುವಾಯಿತು. ‘ಪಾರ್ಥೆನಾನ್’ ಎಂಬ ಅದರ ಹೆಸರಿಗೂ ಗ್ರೀಸಿನ ದೇವಾಲಯಕ್ಕೂ ಸಂಬಂಧವಿಲ್ಲ, ಧನಸಹಾಯ ನೀಡಿದ ಟ್ರಸ್ಟಿನ ಹೆಸರದು. ಪರೀಕ್ಷಿಸಿದವರಲ್ಲಿ ಶೇ 6ರಷ್ಟು ಗರ್ಭಿಣಿಯರಿಗೆ ಸಕ್ಕರೆ ಏರಿದ್ದುದು ಕಂಡಿತು. ಅಂಥವರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಉಳಿದವರಿಗಿಂತ ಹೆಚ್ಚು ಕೊಬ್ಬು ಸೇರಿತ್ತು.

ಈ ಪುಸ್ತಕಗಳನ್ನು ಅತಿಯಾಗಿ ಹೊಗಳುವುದೂ ಸಲ್ಲ. 1930ರ ದಶಕದಲ್ಲಿ ಹೆಚ್ಚಿನ ಹೆರಿಗೆಗಳು ಸೂಲಗಿತ್ತಿಯ ಕೈಯಲ್ಲಿ, ಮನೆಯಲ್ಲೇ ಆಗುತ್ತಿದ್ದವು. ಆಸ್ಪತ್ರೆಗೆ ಬಂದವರು ಇಡೀ ಮೈಸೂರಿನ ಪ್ರತಿನಿಧಿಗಳಲ್ಲ. ಊರು ಬಿಟ್ಟವರು, ಹೃದಯಾಘಾತದಿಂದ ಅಷ್ಟರಲ್ಲೇ ಸತ್ತವರು ಲೆಕ್ಕಕ್ಕೆ ಸಿಕ್ಕಲೇ ಇಲ್ಲ.

ಇನ್ನೊಂದು ಪ್ರಶ್ನೆ ಒಪ್ಪಿಗೆಯದು. 1934ರ ಬಾಣಂತಿಯನ್ನು, ‘ಅಮ್ಮಾ, ನಿನ್ನ ಮಗುವಿನ ತೂಕವನ್ನು ಮುಂದೆ ಸಂಶೋಧನೆಗೆ ಬಳಸಬಹುದೇ?’ ಎಂದು ಕೇಳಿದವರಿಲ್ಲ. ಕೇಳುವ ಪದ್ಧತಿಯೂ ಆಗ ಇರಲಿಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಸಂಶೋಧನೆ ಮತ್ತು ಅಂಕಿಅಂಶದ ಕೆಲಸಕ್ಕೆ ಷರತ್ತುಬದ್ಧ ವಿನಾಯಿತಿ ನೀಡಿದೆ. ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಕೈಗೊಳ್ಳಲು ಆ ಮಾಹಿತಿಯನ್ನು ಬಳಸಕೂಡದು ಎಂಬುದು ಅದರಲ್ಲೊಂದು ಷರತ್ತು. ವಿಮಾ ಕಂಪನಿಯ ಮೇಜಿಗೆ ಹುಟ್ಟು ತೂಕದ ಪಟ್ಟಿ ಹೋದರೆ ಏನಾದೀತೆಂದು ಯೋಚಿಸಿದರೆ ಈ ಷರತ್ತಿನ ಅಗತ್ಯ ಅರ್ಥವಾಗುತ್ತದೆ.

ಬಾರ್ಕರ್ 2013ರಲ್ಲಿ ತೀರಿಕೊಂಡರು. ಹಳೆಯ ಪುಸ್ತಕದ ಕೂಸುಗಳಿಗೆ ಮುಪ್ಪು ಬಂದ ಮೇಲೆ ಅವರ ನೆನಪಿನ ಶಕ್ತಿಗೂ ಹುಟ್ಟಿನ ಅಳತೆಗೂ ನಂಟಿದೆಯೇ ಎಂಬ ಅಧ್ಯಯನ ಅದೇ ಮಿಷನ್ ಆಸ್ಪತ್ರೆಯಲ್ಲಿ ನಡೆಯಿತು.