ಬೆಳಕು ಮುಗಿಯುವಲ್ಲಿಂದ ಮುಂದೆ: ಗುಹೆ ಡೈವಿಂಗ್ ತರಬೇತಿ ಬೆಳೆದು ಬಂದ ದಾರಿ

ಉತ್ತರ ಫ್ಲೋರಿಡಾದ ಬುಗ್ಗೆಗಳಲ್ಲಿ, ಮೆಕ್ಸಿಕೊದ ಯುಕಟಾನ್ ಪ್ರದೇಶದ ಸೆನೋಟೆ ಎಂಬ ನೀರ್ಗುಂಡಿಗಳಲ್ಲಿ ಹಗಲಿನ ಬೆಳಕು ಮುಗಿಯುವ ಜಾಗದಲ್ಲಿ, ನೀರಿನೊಳಗೇ ಒಂದು ಫಲಕ ನೆಟ್ಟಿರುತ್ತಾರೆ. ಅದರ ಮೇಲೆ ಕುಡುಗೋಲು ಹಿಡಿದ ಅಸ್ಥಿಪಂಜರದ ಚಿತ್ರವಿರುತ್ತದೆ. ಗುಹೆಯ ತರಬೇತಿ ಇಲ್ಲದವರು ಇಲ್ಲಿಂದಲೇ ಹಿಂದಿರುಗಬೇಕು, ಇಂಥ ಗುಹೆಗಳಲ್ಲಿ ಸತ್ತವರಲ್ಲಿ ಡೈವಿಂಗ್ ಕಲಿಸುವ ಬೋಧಕರೂ ಇದ್ದಾರೆ ಎಂಬುದು ಅದರ ಸಾರಾಂಶ. ಸಮುದ್ರದಲ್ಲಿ ನೂರಾರು ಮಂದಿಗೆ ಪಾಠ ಹೇಳಿದವರು ಗುಹೆಯಲ್ಲಿ ಯಾಕೆ ಸತ್ತರು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಈ ತರಬೇತಿ ಕ್ಷೇತ್ರ ಬೆಳೆದಿದೆ. ಇಂದು ಹೊಸಬನ ಮುಂದೆ ಹತ್ತಾರು ಸಂಸ್ಥೆಗಳ ಕೋರ್ಸುಗಳಿವೆ. ಯಾವ ಕೋರ್ಸು ಯಾವ ಸಾವಿನ ತನಿಖೆಯಿಂದ ಹುಟ್ಟಿತು ಎಂದು ತಿಳಿದರೆ ಆಯ್ಕೆ ಅರ್ಧ ಸುಲಭವಾಗುತ್ತದೆ.

ಎರಡು ಬೇರುಗಳು

ಮೊದಲ ಬೇರು ಇಂಗ್ಲೆಂಡಿನದು. 1935ರಲ್ಲಿ ಗ್ರಹಾಂ ಬಾಲ್ಕಂಬ್, ಜಾಕ್ ಶೆಪರ್ಡ್ ಮತ್ತು ಸಂಗಡಿಗರು ಸಾಮರ್‌ಸೆಟ್‌ನ ವೂಕಿ ಹೋಲ್ ಗುಹೆಯಲ್ಲಿ ಬಂದರಿನ ಮುಳುಗುಗಾರರ ಲೋಹದ ಶಿರಸ್ತ್ರಾಣ, ಭಾರದ ಬೂಟು ತೊಟ್ಟು ನೀರಿಗಿಳಿದರು. 1946ರಲ್ಲಿ ಕೇವ್ ಡೈವಿಂಗ್ ಗ್ರೂಪ್ ಹುಟ್ಟಿತು. ಅಲ್ಲಿನ ಗುಹೆಗಳ ನೀರು ತಣ್ಣಗೆ, ಕಣ್ಣು ಕಾಣದಷ್ಟು ಕದಡಿದ್ದು, ದಾರಿಯೂ ಇಕ್ಕಟ್ಟು. ಒಣ ಗುಹೆಯಲ್ಲಿ ತೆವಳಿ ಪಳಗಿದವನು ಅಡ್ಡ ಬಂದ ನೀರನ್ನು ದಾಟಲು ಡೈವಿಂಗ್ ಕಲಿಯುತ್ತಿದ್ದ. ಹಾಗಾಗಿ ಅಲ್ಲಿ ಶುಲ್ಕ ಕಟ್ಟಿ ಮುಗಿಸುವ ಕೋರ್ಸು ಬೆಳೆಯಲಿಲ್ಲ. ಹಿರಿಯರ ಕೈಕೆಳಗೆ ದೀರ್ಘಕಾಲ ಶಿಷ್ಯವೃತ್ತಿ ಮಾಡುವುದೇ ಕ್ರಮವಾಯಿತು.

ಎರಡನೆಯ ಬೇರು ಅಕ್ವಾಲಂಗ್‌ನದು. 1943ರಲ್ಲಿ ಕೂಸ್ಟೊ ಮತ್ತು ಗಾನ್ಯಾನ್ ರೂಪಿಸಿದ, ನೀರಿನೊಳಗೆ ಉಸಿರಾಡುವ ಈ ಉಪಕರಣ ಯುದ್ಧಾನಂತರ ಸಾಮಾನ್ಯರ ಕೈಗೆ ಬಂತು. 1946ರಲ್ಲಿ ಫ್ರಾನ್ಸಿನ ಫಾಂಟೇನ್ ದ ವೋಕ್ಲೂಸ್ ಬುಗ್ಗೆಗೆ ಇಳಿದ ಕೂಸ್ಟೊ ಮತ್ತು ಫ್ರೆಡರಿಕ್ ಡ್ಯುಮಾ ಸ್ವಲ್ಪದರಲ್ಲಿ ಬದುಕಿಕೊಂಡರು. ಕಂಪ್ರೆಸರ್ ತನ್ನದೇ ಹೊಗೆಯನ್ನು ಹೀರಿ ಸಿಲಿಂಡರಿಗೆ ಕಾರ್ಬನ್ ಮಾನಾಕ್ಸೈಡ್ ತುಂಬಿತ್ತೆಂದು ಆಮೇಲೆ ತಿಳಿಯಿತು.

ಗಣಿತದ ಮೇಷ್ಟ್ರ ಲೆಕ್ಕ

ಫ್ಲೋರಿಡಾದ ಸುಣ್ಣಕಲ್ಲಿನ ಬುಗ್ಗೆಗಳು ಇಂಗ್ಲೆಂಡಿನ ಗುಹೆಗಳಿಗೆ ತದ್ವಿರುದ್ಧ. ನೀರು ಗಾಜಿನಂತೆ ತಿಳಿ, ವರ್ಷವಿಡೀ ಸುಮಾರು 22 ಡಿಗ್ರಿ, ಗುಹೆಯ ಬಾಯಿ ವಿಶಾಲ. ಈ ಸೌಲಭ್ಯವೇ ಮುಳುವಾಯಿತು. ಒಳಹೋಗುವಾಗ ತಿಳಿಯಾಗಿದ್ದ ನೀರು, ಕಾಲಿನ ರೆಕ್ಕೆ ತಳಕ್ಕೆ ತಾಗಿ ಹೂಳೆದ್ದರೆ ಕ್ಷಣದಲ್ಲಿ ಕುರುಡಾಗುತ್ತದೆ. ನೆತ್ತಿಯ ಮೇಲೆ ಬಂಡೆ ಇರುವುದರಿಂದ ಸಮುದ್ರದಲ್ಲಿ ಕಲಿತ ‘ಮೇಲಕ್ಕೆ ಬಾ’ ಎಂಬ ಪಾಠ ಇಲ್ಲಿ ನಡೆಯುವುದಿಲ್ಲ. ಸಾವುಗಳು ಹೆಚ್ಚಿದಾಗ 1968ರಲ್ಲಿ ನ್ಯಾಷನಲ್ ಅಸೋಸಿಯೇಷನ್ ಫಾರ್ ಕೇವ್ ಡೈವಿಂಗ್, 1973ರಲ್ಲಿ ನ್ಯಾಷನಲ್ ಸ್ಪೆಲಿಯೊಲಾಜಿಕಲ್ ಸೊಸೈಟಿಯ ಗುಹೆ ಡೈವಿಂಗ್ ವಿಭಾಗ ಹುಟ್ಟಿದವು.

ಕ್ಷೇತ್ರಕ್ಕೆ ಶಾಸ್ತ್ರದ ರೂಪ ಕೊಟ್ಟವರು ಶೆಕ್ ಎಕ್ಸ್‌ಲಿ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಅವರು ಗುಹೆಯ ಸಾವುಗಳನ್ನು ಒಂದೊಂದಾಗಿ ಕೆದಕಿ, 1979ರಲ್ಲಿ ‘ಬೇಸಿಕ್ ಕೇವ್ ಡೈವಿಂಗ್: ಎ ಬ್ಲೂಪ್ರಿಂಟ್ ಫಾರ್ ಸರ್ವೈವಲ್’ ಎಂಬ ಕಿರುಹೊತ್ತಿಗೆ ತಂದರು. ಮೂರು ತಪ್ಪುಗಳು ಮತ್ತೆ ಮತ್ತೆ ಕಂಡಿದ್ದವು: ಹೊರಬಾಯಿಯವರೆಗೆ ಕಡಿಯದ ಹಗ್ಗ ಹಾಸಿರಲಿಲ್ಲ, ಮರಳಿ ಬರಲು ಬೇಕಾದಷ್ಟು ಗಾಳಿ ಉಳಿಸಿರಲಿಲ್ಲ, ಮಿತಿ ಮೀರಿ ಆಳಕ್ಕೆ ಹೋಗಿದ್ದರು. ತರಬೇತಿ ಮತ್ತು ಒಬ್ಬೊಬ್ಬರಿಗೂ ಮೂರು ದೀಪ ಎಂಬೆರಡು ಮುಂದೆ ಸೇರಿ ಐದು ನಿಯಮಗಳಾದವು. ಇಂದಿಗೂ ಯಾವ ಸಂಸ್ಥೆಯ ಮೊದಲ ಪಾಠವೂ ಇವೇ.

ಗಾಳಿಯ ನಿಯಮವನ್ನೇ ಹತ್ತಿರದಿಂದ ನೋಡೋಣ. ಒಂದು ಪಾಲು ಒಳಹೋಗಲು, ಒಂದು ಹೊರಬರಲು, ಒಂದು ಜೊತೆಗಾರನಿಗೆ: ಇದು ಮೂರನೇ ಒಂದರ ಲೆಕ್ಕ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡವಿದ್ದರೆ 2,400 ಲೀಟರ್ ಗಾಳಿ. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವನು, ಒತ್ತಡ ಮೂರು ಪಟ್ಟಾಗುವ 20 ಮೀಟರ್ ಆಳದಲ್ಲಿ 60 ಲೀಟರ್ ಖರ್ಚು ಮಾಡುತ್ತಾನೆ. ಮೂರನೇ ಒಂದು ಪಾಲೆಂದರೆ 800 ಲೀಟರ್, ಸುಮಾರು 13 ನಿಮಿಷ. ತೀರಾ ಒಳಗಿರುವಾಗ ಜೊತೆಗಾರನ ಗಾಳಿ ಪೂರ್ತಿ ಹೋದರೆ, ಉಳಿದದ್ದು ಇಬ್ಬರಿಗೂ ಸರಿಯಾಗಿ ಹೊರಬಾಯಿಯವರೆಗೆ ಸಾಕು. ಅದೂ ಇಬ್ಬರೂ ಶಾಂತವಾಗಿದ್ದರೆ ಮಾತ್ರ. ಗಾಬರಿಯಾದವನ ಉಸಿರು ಇಮ್ಮಡಿಯಾಗುತ್ತದೆ. ಅದಕ್ಕೇ ಹೊಸಬರಿಗೆ ಆರನೇ ಒಂದರ ಮಿತಿ ಬಂತು. ಒಂದೇ ಸಿಲಿಂಡರಿನಲ್ಲಿ ಅದು 400 ಲೀಟರ್, ಏಳು ನಿಮಿಷಕ್ಕೂ ಕಡಿಮೆ. ಗುಹೆಗೆ ಜೋಡಿ ಸಿಲಿಂಡರ್ ಯಾಕೆ ಬೇಕೆಂಬುದಕ್ಕೆ ಈ ಲೆಕ್ಕವೇ ಸಾಕು.

ಮೆಟ್ಟಿಲುಗಳು

ಈ ಮಿತಿಗಳ ಮೇಲೇ ಅಮೆರಿಕದ ಕೋರ್ಸುಗಳ ಮೆಟ್ಟಿಲು ಕಟ್ಟಿದರು. ಮೊದಲನೆಯದು ‘ಕ್ಯಾವರ್ನ್’: ಹಗಲಿನ ಬೆಳಕು ಕಾಣುವಷ್ಟು ದೂರ ಮಾತ್ರ, ನೀರಿನ ಮೇಲ್ಮೈಯಿಂದ ಒಟ್ಟು ಸುಮಾರು 60 ಮೀಟರ್. ಎರಡನೆಯದು ‘ಇಂಟ್ರೊ ಟು ಕೇವ್’: ಕತ್ತಲಿಗೆ ಪ್ರವೇಶ ಉಂಟು, ಆದರೆ ಮುಖ್ಯ ಹಗ್ಗ ಬಿಟ್ಟು ಕವಲಿಗೆ ಹೋಗುವಂತಿಲ್ಲ. ಕೊನೆಯದು ‘ಫುಲ್ ಕೇವ್’: ಕವಲುಗಳು, ಒಂದು ಹಗ್ಗದಿಂದ ಇನ್ನೊಂದಕ್ಕೆ ಜಿಗಿತಗಳು, ಒಂದು ಬಾಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಡುವ ಸುತ್ತುಗಳು. ಕೆಲವು ಸಂಸ್ಥೆಗಳು ನಡುವೆ ‘ಅಪ್ರೆಂಟಿಸ್’ ಎಂಬ ಹಂತವನ್ನೂ ಇಟ್ಟಿವೆ.

ಆಸ್ಟ್ರೇಲಿಯಾದ ದಾರಿ ಬೇರೆ. 1973ರಲ್ಲಿ ಮೌಂಟ್ ಗ್ಯಾಂಬಿಯರ್ ಬಳಿಯ ‘ದಿ ಶಾಫ್ಟ್’ ಎಂಬ ಗುಂಡಿಯಲ್ಲಿ ನಾಲ್ವರು ಸತ್ತರು. ಅದೇ ವರ್ಷ ಕೇವ್ ಡೈವರ್ಸ್ ಅಸೋಸಿಯೇಷನ್ ಆಫ್ ಆಸ್ಟ್ರೇಲಿಯಾ ಹುಟ್ಟಿ, ಗುಹೆಗಳನ್ನು ದರ್ಜೆವಾರು ವಿಂಗಡಿಸಿತು. ಆ ದರ್ಜೆಯ ಪರೀಕ್ಷೆ ಪಾಸಾದವರಿಗಷ್ಟೇ ಪ್ರವೇಶ ಎಂಬ ಪದ್ಧತಿ ಬಂತು.

ಟೆಕ್ನಿಕಲ್ ಡೈವಿಂಗ್ ಬಂದದ್ದು

ಈ ಹೊತ್ತಿಗೆ ಇನ್ನೊಂದು ಧಾರೆ ಕೂಡಿಕೊಂಡಿತು. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾದ ಕೈಪಿಡಿಯಲ್ಲಿದ್ದ ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿಸಿದ ಗಾಳಿಯನ್ನು, ಅಲ್ಲಿಂದ ನಿವೃತ್ತರಾದ ಡಿಕ್ ರುಟ್ಕೋವ್ಸ್ಕಿ 1985ರಲ್ಲಿ ಸಂಸ್ಥೆ ಕಟ್ಟಿ ಹವ್ಯಾಸಿಗಳಿಗೆ ಕಲಿಸತೊಡಗಿದರು. 1987ರಲ್ಲಿ ಬಿಲ್ ಸ್ಟೋನ್ ತಂಡ ಫ್ಲೋರಿಡಾದ ವಕಲ್ಲಾ ಬುಗ್ಗೆಯನ್ನು ಹೀಲಿಯಂ ಬೆರೆಸಿದ ಗಾಳಿಯಲ್ಲಿ ಶೋಧಿಸಿತು. 1990ರಿಂದ ‘ಅಕ್ವಾಕೋರ್’ ಪತ್ರಿಕೆ ನಡೆಸಿದ ಮೈಕೆಲ್ ಮೆಂಡುನೊ ಇದಕ್ಕೆಲ್ಲ ‘ಟೆಕ್ನಿಕಲ್ ಡೈವಿಂಗ್’ ಎಂಬ ಹೆಸರನ್ನು ಚಾಲ್ತಿಗೆ ತಂದರು. 1994ರಲ್ಲಿ ಟಿಡಿಐ ಸಂಸ್ಥೆ ಆರಂಭವಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ, ಮೆಕ್ಸಿಕೊದ ಜಕಟಾನ್ ಗುಂಡಿಯಲ್ಲಿ 300 ಮೀಟರ್ ದಾಟುವ ಯತ್ನದಲ್ಲಿ ಎಕ್ಸ್‌ಲಿ ತೀರಿಕೊಂಡರು. ಆಳದ ಬಗ್ಗೆ ಎಚ್ಚರಿಸಿದವರನ್ನೇ ಆಳ ನುಂಗಿತು.

ವಕಲ್ಲಾ ಪ್ರದೇಶದ ಶೋಧಕರ ನಡುವೆ ಬೆಳೆದ ಜಾರೋಡ್ ಜಬ್ಲೋನ್‌ಸ್ಕಿ 1998ರಲ್ಲಿ ಜಿಯುಇ ಸಂಸ್ಥೆ ಕಟ್ಟಿದರು. ಮುಂದುವರಿದ ಕೋರ್ಸಿಗೆ ಬರುವವರಿಗೆ ನೀರಿನಲ್ಲಿ ಅಲುಗದೆ ನಿಲ್ಲುವುದೇ ಬರುವುದಿಲ್ಲ ಎಂದು ಕಂಡು, ‘ಫಂಡಮೆಂಟಲ್ಸ್’ ಎಂಬ ತಳಪಾಯದ ಕೋರ್ಸು ರೂಪಿಸಿದರು. ಅದರಲ್ಲಿ ಹೊಸ ಆಳವಿಲ್ಲ, ಗುಹೆಯಿಲ್ಲ. ದೇಹ ಅಡ್ಡಲಾಗಿ ಸಮವಾಗಿ ತೇಲಬೇಕು, ಕಪ್ಪೆಯೊದೆತ ಬರಬೇಕು, ಹಿಮ್ಮುಖ ಚಲಿಸಬೇಕು, ಜೊತೆಗಾರನಿಗೆ ಗಾಳಿ ಕೊಡುವಾಗಲೂ ಆಳ ಬದಲಾಗಬಾರದು. ಟೆಕ್ನಿಕಲ್ ದರ್ಜೆಯಲ್ಲಿ ಪಾಸಾಗಲು ಮೇಲೆ ಕೆಳಗೆ ಹೊಯ್ದಾಟ ಒಂದು ಮೀಟರ್ ಮೀರಬಾರದು. ಅದು ಆಗದವರಿಗೆ ಕೆಳದರ್ಜೆಯ ಪಾಸು ಅಥವಾ ಮರುಪರೀಕ್ಷೆ. ಟಿಡಿಐನ ‘ಇಂಟ್ರೊ ಟು ಟೆಕ್’ ಕೋರ್ಸಿನದೂ ಸುಮಾರು ಇದೇ ಗುರಿ. ಪ್ಯಾಡಿ ಸಂಸ್ಥೆಯ ‘ಟೆಕ್ 40’ ಇನ್ನೊಂದು ಹೆಜ್ಜೆ ಮುಂದಿನದು: 40 ಮೀಟರ್ ಆಳ, ಮೇಲೇರುವಾಗ ತಡೆದು ನಿಲ್ಲುವ ಹತ್ತು ನಿಮಿಷದವರೆಗಿನ ಡಿಕಂಪ್ರೆಷನ್. ಹೆಸರು ಅಕ್ಕಪಕ್ಕ ಕಂಡರೂ ಇವು ಒಂದೇ ಹಂತದವಲ್ಲ.

ಇಷ್ಟಾದರೂ ಇಂಗ್ಲೆಂಡಿನ ಬೇರು ಒಣಗಿರಲಿಲ್ಲ. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಸಿಕ್ಕಿಬಿದ್ದ 12 ಹುಡುಗರು ಮತ್ತು ಅವರ ಕೋಚ್‌ನನ್ನು ಪತ್ತೆ ಮಾಡಿದವರು ಬ್ರಿಟಿಷ್ ಪರಂಪರೆಯಲ್ಲಿ ಪಳಗಿದ ರಿಕ್ ಸ್ಟ್ಯಾಂಟನ್ ಮತ್ತು ಜಾನ್ ವೊಲಾಂಥೆನ್. ನೌಕಾಪಡೆಯ ಮಾಜಿ ಡೈವರ್ ಸಮನ್ ಕುನನ್ ಅದೇ ಕಾರ್ಯಾಚರಣೆಯಲ್ಲಿ ಪ್ರಾಣ ತೆತ್ತರು. ಕದಡಿದ ನೀರಿನಲ್ಲಿ ಹಗ್ಗ ನಂಬಿ ಚಲಿಸುವ ವಿದ್ಯೆ ಎಷ್ಟು ವಿಶಿಷ್ಟವಾದದ್ದೆಂದು ಜಗತ್ತು ಅಂದು ಕಂಡಿತು.

ಆಯ್ಕೆ ಹೇಗೆ?

ನಮ್ಮಲ್ಲಿ ಬಹುಮಂದಿಯ ಮೊದಲ ಡೈವ್ ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ, ಇಲ್ಲವೇ ಅಂಡಮಾನಿನಲ್ಲಿ ಆಗುತ್ತದೆ. ಗುಹೆಯ ಕೋರ್ಸಿಗೆ ಮೆಕ್ಸಿಕೊ ಅಥವಾ ಫ್ಲೋರಿಡಾಕ್ಕೆ ಹೋಗುವ ಮೊದಲು ಇಲ್ಲೇ ಕಲಿಯಬಹುದಾದದ್ದು ಬಹಳವಿದೆ: ತಳಕ್ಕೆ ತಾಗದೆ ತೇಲುವುದು, ಕಪ್ಪೆಯೊದೆತ, ತನ್ನ ಉಸಿರಿನ ಖರ್ಚಿನ ಲೆಕ್ಕ. ಹೊರದೇಶದ ದುಬಾರಿ ದಿನಗಳನ್ನು ಇವಕ್ಕೆ ಸುರಿಯಬೇಕಿಲ್ಲ.

ಆಮೇಲೆ ಬೋಧಕನನ್ನು ಹುಡುಕಬೇಕು, ಕೋರ್ಸು ಮುಗಿಸಿದ್ದಕ್ಕೆ ಸಿಗುವ ಕಾರ್ಡನ್ನಲ್ಲ. ಅವನು ಪಾಠವಿಲ್ಲದ ದಿನವೂ ಗುಹೆಗೆ ಇಳಿಯುವವನೇ? ಒಮ್ಮೆಗೆ ಎಷ್ಟು ಜನರಿಗೆ ಕಲಿಸುತ್ತಾನೆ? ಕಣ್ಣುಮುಚ್ಚಿ ಹಗ್ಗ ಹಿಡಿದು ಹೊರಬರುವುದು, ಕತ್ತಲಲ್ಲಿ ಕಳೆದ ಹಗ್ಗ ಹುಡುಕುವುದು, ಗಾಳಿ ಹಂಚಿಕೊಂಡು ಮರಳುವುದು, ಇವನ್ನು ಎಷ್ಟು ಸಲ ಮಾಡಿಸುತ್ತಾನೆ? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ಎಂದಾದರೂ ಯಾರನ್ನಾದರೂ ಫೇಲು ಮಾಡಿದ್ದಾನೆಯೇ?

ಕ್ಯಾವರ್ನ್‌ನಿಂದ ಫುಲ್ ಕೇವ್‌ವರೆಗೆ ಒಂದೇ ಉಸಿರಿನಲ್ಲಿ ಮುಗಿಸುವ ಎಂಟು-ಹತ್ತು ದಿನಗಳ ಪ್ಯಾಕೇಜುಗಳೂ ಸಿಗುತ್ತವೆ. ನಿಯಮದ ಪ್ರಕಾರ ಅದು ತಪ್ಪಲ್ಲ. ವಿಮಾನದ ಖರ್ಚು ನೋಡಿದರೆ ಆಕರ್ಷಕವೂ ಹೌದು. ಆದರೆ ಹೊಸಬ ಮೊದಲೆರಡು ಹಂತದಲ್ಲೇ ನಿಂತು, ಆ ಮಿತಿಯೊಳಗೆ ಅನುಭವ ಗಳಿಸಿ, ಆಮೇಲೆ ಮುಂದಿನದಕ್ಕೆ ಹೋಗುವುದು ಲೇಸು. ನೀವು ಸಿದ್ಧರಿಲ್ಲ ಎಂದು ಮುಖಕ್ಕೆ ಹೇಳಬಲ್ಲ ಬೋಧಕ ಸಿಕ್ಕರೆ, ಯಾವ ಸಂಸ್ಥೆಯವನಾದರೂ ಸರಿ, ಅವನಲ್ಲೇ ಕಲಿಯಿರಿ.