ತುಳಿಚಕ್ರದ ಎರಡು ಜನ್ಮಗಳು

ಮನುಷ್ಯ ನಿರ್ಮಿಸಿದ ಯಂತ್ರಗಳಲ್ಲಿ ಕೆಲವಕ್ಕೆ ಎರಡು ಜನ್ಮಗಳಿರುತ್ತವೆ. ಒಂದರಲ್ಲಿ ಶಾಪವಾಗಿದ್ದುದು ಇನ್ನೊಂದರಲ್ಲಿ ವರವಾಗಿ ತೋರುವುದುಂಟು. ಇಂದು ನಮ್ಮ ಊರುಗಳ ವ್ಯಾಯಾಮಶಾಲೆಗಳಲ್ಲಿ ಕಾಣುವ ಟ್ರೆಡ್‌ಮಿಲ್ ಅಂಥದೊಂದು ಯಂತ್ರ. ಹಿಂದಕ್ಕೆ ಸರಿಯುತ್ತಲೇ ಇರುವ ಪಟ್ಟಿಯ ಮೇಲೆ ತರುಣನೊಬ್ಬನೋ ಗೃಹಿಣಿಯೊಬ್ಬಳೋ ಓಡುತ್ತಿರುತ್ತಾರೆ. ಕಿವಿಯಲ್ಲಿ ತರಬೇತುದಾರನ ಧ್ವನಿ: ಒಂದು ನಿಮಿಷ ಬಿರುಸಾಗಿ, ಎರಡು ನಿಮಿಷ ನಿಧಾನವಾಗಿ, ಈಗ ಏರು, ಈಗ ಸಮನೆಲ. ಹೀಗೆ ಬಿರುಸನ್ನೂ ಬಿಡುವನ್ನೂ ಹೆಣೆದು ಓಟದ ಬಲವನ್ನು ಬೆಳೆಸುವ ಕ್ರಮಕ್ಕೆ ಇಂಟರ್‌ವಲ್ ಅಭ್ಯಾಸ ಎಂದು ಹೆಸರು. ನಾವು ವಿರಾಮಾಭ್ಯಾಸ ಎನ್ನೋಣ. ಈ ಯಂತ್ರವೂ ಈ ಕ್ರಮವೂ ಬೇರೆ ಬೇರೆ ದಾರಿಗಳಲ್ಲಿ ಬಂದು ಕೂಡಿದ ಕಥೆಯನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಕಾಲಿನ ಬಲದಿಂದ ಯಂತ್ರ ನಡೆಸುವುದು ಹಳೆಯ ವಿದ್ಯೆ. ಏತದ ಮರದ ಮೇಲೆ ಹಿಂದೆ ಮುಂದೆ ನಡೆದು ನೀರೆತ್ತುತ್ತಿದ್ದವರ ನೆನಪು ನಮ್ಮ ಹಿರಿಯರಲ್ಲಿ ಕೆಲವರಿಗಾದರೂ ಇದ್ದೀತು. ಆದರೆ ಏತ ತುಳಿದವನ ಕಣ್ಣೆದುರಿಗೇ ನೀರು ಕಾಲುವೆಗೆ ಹರಿಯುತ್ತಿತ್ತು. ಇಂಗ್ಲೆಂಡಿನಲ್ಲಿ 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್ ರೂಪಿಸಿದ ತುಳಿಚಕ್ರದ ಉದ್ದೇಶವೇ ಬೇರೆ. ಕ್ಯೂಬಿಟ್ ಹಿಟ್ಟಿನ ಗಿರಣಿಯವನ ಮಗ. ಸೆರೆಮನೆಯಲ್ಲಿ ಕೈದಿಗಳು ಕೆಲಸವಿಲ್ಲದೆ ಕುಳಿತಿದ್ದುದನ್ನು ಕಂಡು ಅವರಿಗೊಂದು ದುಡಿಮೆಯನ್ನು ಕಲ್ಪಿಸಹೊರಟವನು. ಅಗಲವಾದ ಉರುಳೆಯ ಸುತ್ತ ಮೆಟ್ಟಿಲುಗಳು. ಕೈದಿಗಳು ಸಾಲಾಗಿ ನಿಂತು, ಕಂಬಿ ಹಿಡಿದು, ಕೆಳಗಿಳಿಯುತ್ತಲೇ ಇರುವ ಮೆಟ್ಟಿಲನ್ನು ಏರುತ್ತಲೇ ಇರಬೇಕು. 1821ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಸೆರೆಮನೆಗೆ ಬಂದ ಚಕ್ರ ಧಾನ್ಯ ಬೀಸುತ್ತಿತ್ತು. ಬೇರೆ ಎಷ್ಟೋ ಕಡೆ ಅದು ಏನನ್ನೂ ಬೀಸಲಿಲ್ಲ. ಜನ ಅದನ್ನು ಗಾಳಿ ಬೀಸುವ ಕೆಲಸವೆಂದು ಕರೆದರು. ಗಾಣದ ಎತ್ತಿಗಾದರೂ ಒಂದಿಷ್ಟು ಎಣ್ಣೆ ಬರುತ್ತಿತ್ತು. ಈ ಕೈದಿಗಳ ಬೆವರಿಗೆ ಅದೂ ಇರಲಿಲ್ಲ.

ಈ ಚಕ್ರ ಸಮುದ್ರವನ್ನೂ ದಾಟಿತು. 1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡಿತು. ಆದರೆ ಜಮೈಕಾದಲ್ಲಿ, ಬಿಡುಗಡೆಯಾದವರು ‘ಅಪ್ರೆಂಟಿಸ್’ ಎಂಬ ಹೊಸ ಹೆಸರಿನಲ್ಲಿ ಹಳೆಯ ಒಡೆಯರಿಗೇ ದುಡಿಯಬೇಕಾಗಿದ್ದ ವರ್ಷಗಳಲ್ಲಿ, ಅವರನ್ನು ಶಿಕ್ಷಿಸಲು ತುಳಿಚಕ್ರವನ್ನು ಬಳಸಿದರು. ಹೆಂಗಸರನ್ನೂ ಬಿಡಲಿಲ್ಲ. 1895ರಲ್ಲಿ ಕಠಿಣ ಶಿಕ್ಷೆಗೆ ಗುರಿಯಾದ ಆಸ್ಕರ್ ವೈಲ್ಡ್ ಕೂಡ ಪೆಂಟನ್‌ವಿಲ್ ಸೆರೆಮನೆಯಲ್ಲಿ ಈ ಚಕ್ರವನ್ನು ತುಳಿದವನೇ. ಅವನ ‘ದಿ ಬ್ಯಾಲಡ್ ಆಫ್ ರೀಡಿಂಗ್ ಜೈಲ್’ ಪ್ರಕಟವಾದ 1898ರಲ್ಲೇ ಬಂದ ಕಾರಾಗೃಹ ಶಾಸನದ ಬಳಿಕ ತುಳಿಚಕ್ರ ಬ್ರಿಟನ್ನಿನ ಸೆರೆಮನೆಗಳಿಂದ ಮರೆಯಾಯಿತು.

ಎರಡನೆಯ ಜನ್ಮ ಪ್ರಯೋಗಶಾಲೆಯಲ್ಲಾಯಿತು. 1889ರಲ್ಲಿ ಬರ್ಲಿನ್ನಿನ ಶರೀರಶಾಸ್ತ್ರಜ್ಞ ನಾಥನ್ ಝುಂಟ್ಸ್, ಓಡುವ ಪ್ರಾಣಿಗಳ ಉಸಿರನ್ನು ಅಳೆಯಲು ಚಲಿಸುವ ಪಟ್ಟಿಯೊಂದನ್ನು ಕಟ್ಟಿಸಿದನು. 1952ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ವೈದ್ಯ ರಾಬರ್ಟ್ ಬ್ರೂಸ್ ಮತ್ತು ಯಂತ್ರಶಿಲ್ಪಿ ವೇಯ್ನ್ ಕ್ವಿಂಟನ್ ಹೃದ್ರೋಗಿಗಳ ಪರೀಕ್ಷೆಗೆಂದು ಟ್ರೆಡ್‌ಮಿಲ್ಲನ್ನು ಸಿದ್ಧಪಡಿಸಿದರು. ಬ್ರೂಸರ ಕ್ರಮದಲ್ಲಿ ಮೂರು ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತವೆ. ಇಂದಿಗೂ ಆಸ್ಪತ್ರೆಗಳಲ್ಲಿ ನಡೆಯುವ ಪರೀಕ್ಷೆ ಅದೇ. ಗಮನಿಸಬೇಕಾದುದೆಂದರೆ, ಅಲ್ಲಿ ರೋಗಿ ‘ಸಾಕು’ ಎಂದೊಡನೆ ಯಂತ್ರ ನಿಲ್ಲಬೇಕು. ತನ್ನ ಇತಿಹಾಸದಲ್ಲಿ ತುಳಿಯುವವನ ಮಾತಿಗೆ ಈ ಯಂತ್ರ ಕಿವಿಗೊಡಲು ಕಲಿತದ್ದು ಇಲ್ಲಿಯೇ ಎಂದು ನನಗೆ ತೋರುತ್ತದೆ.

ಇನ್ನು ವಿರಾಮಾಭ್ಯಾಸದ ಸಂಗತಿ. 1930ರ ದಶಕದಲ್ಲಿ ಜರ್ಮನಿಯಲ್ಲಿ ತರಬೇತುದಾರ ವೊಲ್ಡೆಮಾರ್ ಗೆರ್ಶ್ಲರ್ ಮತ್ತು ವೈದ್ಯ ಹಾನ್ಸ್ ರೈನ್‌ಡೆಲ್ ಇದಕ್ಕೊಂದು ಶಾಸ್ತ್ರರೂಪ ಕೊಟ್ಟರು. ಚಿಕ್ಕ ದೂರವನ್ನು ಬಿರುಸಾಗಿ ಓಡಿದಾಗ ನಾಡಿ ನಿಮಿಷಕ್ಕೆ 180ರ ಹತ್ತಿರ ಏರುತ್ತದೆ, ಅದು 120ಕ್ಕೆ ಇಳಿಯುವವರೆಗೆ ಬಿಡುವು, ಮತ್ತೆ ಓಟ. ಹೃದಯ ಬಲಗೊಳ್ಳುವುದು ಆ ಬಿಡುವಿನಲ್ಲಿಯೇ ಎಂಬುದು ಅವರ ನಂಬಿಕೆ. ಅಭ್ಯಾಸಕ್ಕೆ ಓಟದ ಹೆಸರಿಡದೆ ವಿರಾಮದ ಹೆಸರಿಟ್ಟದ್ದರ ಮರ್ಮ ಇದು. ಗೆರ್ಶ್ಲರ್‌ನ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನಿನಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡುಗಳಲ್ಲಿ ಓಡಿದನು. ಆ ದಾಖಲೆ 1955ರವರೆಗೆ ಉಳಿಯಿತು, ಓಡಿದವನು ಉಳಿಯಲಿಲ್ಲ. 1944ರಲ್ಲಿ ಯುದ್ಧ ಅವನನ್ನು ನುಂಗಿತು.

ಜೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ ಈ ದಾರಿಯಲ್ಲಿ ಇನ್ನೂ ಮುಂದೆ ಹೋದನು. ಸೈನಿಕರ ಬೂಟು ತೊಟ್ಟು, 400 ಮೀಟರಿನ ಓಟವನ್ನು ಹತ್ತಾರು ಬಾರಿ, ನಡುನಡುವೆ ನಿಧಾನದ ಓಟದೊಡನೆ ಅಭ್ಯಾಸ ಮಾಡಿದನು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರು, 10,000 ಮೀಟರು, ಮ್ಯಾರಥಾನ್ ಮೂರನ್ನೂ ಗೆದ್ದನು. ಅವನೇ 1968ರಲ್ಲಿ ಪ್ರಾಗಿನ ಸುಧಾರಣೆಗಳ ಪರವಾಗಿ ನಿಂತದ್ದಕ್ಕೆ ಸೈನ್ಯದಿಂದ ಹೊರದೂಡಲ್ಪಟ್ಟು, ನೆಲ ಕೊರೆಯುವ ತಂಡಗಳೊಡನೆ ವರ್ಷಗಟ್ಟಲೆ ದುಡಿಯಬೇಕಾಯಿತು. ತಾನಾಗಿ ವರಿಸಿದ ಶ್ರಮ, ತನ್ನ ಮೇಲೆ ಹೇರಿದ ಶ್ರಮ, ಎರಡನ್ನೂ ಅವನಷ್ಟು ಬಲ್ಲವರು ವಿರಳ.

ಯಂತ್ರವೂ ಕ್ರಮವೂ ಒಬ್ಬನಲ್ಲೇ ಕೂಡಿದ್ದನ್ನು ನೋಡಬೇಕಾದರೆ ಆಕ್ಸ್‌ಫರ್ಡಿಗೆ ಬರಬೇಕು. ವೈದ್ಯವಿದ್ಯಾರ್ಥಿ ರೋಜರ್ ಬ್ಯಾನಿಸ್ಟರ್ ಟ್ರೆಡ್‌ಮಿಲ್ಲಿನ ಮೇಲೆ ಉಸಿರಾಟದ ಪ್ರಯೋಗಗಳನ್ನು ಮಾಡುತ್ತಿದ್ದನು. ಪ್ರಯೋಗಕ್ಕೆ ತನ್ನ ದೇಹವನ್ನೂ ಒಡ್ಡಿದನು. ಮೈದಾನದಲ್ಲಿ ಅವನದು ವಿರಾಮಾಭ್ಯಾಸ: 440 ಗಜದ ಓಟ 10 ಬಾರಿ, ನಡುವೆ ಎರಡು ನಿಮಿಷ ಬಿಡುವು. 1954ರ ವಸಂತದಲ್ಲಿ ಒಂದೊಂದು ಓಟವೂ 61 ಸೆಕೆಂಡಿಗೆ ಬಂದು ನಿಂತುಬಿಟ್ಟಿತು. ಎಷ್ಟು ಹೆಣಗಿದರೂ ಕೆಳಗಿಳಿಯಲೊಲ್ಲದು. ಆಗ ಅವನು ಓಟವನ್ನೇ ಬಿಟ್ಟು, ಗೆಳೆಯರೊಡನೆ ಸ್ಕಾಟ್ಲೆಂಡಿನ ಬೆಟ್ಟಗಳನ್ನು ಹತ್ತಲು ಹೋದನು. ಮರಳಿ ಬಂದು ಓಡಿದಾಗ 59 ಸೆಕೆಂಡು. ಮೇ 6ರಂದು ಇಫ್ಲೀ ರಸ್ತೆಯ ಮೈದಾನದಲ್ಲಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಮುಗಿಸಿ, ನಾಲ್ಕು ನಿಮಿಷದ ಗಡಿಯನ್ನು ದಾಟಿದ ಮೊದಲಿಗನಾದನು. ಮುಂದೆ 1968ರಲ್ಲಿ ಕೆನೆತ್ ಕೂಪರ್ ಬರೆದ ‘ಏರೋಬಿಕ್ಸ್’ ಪುಸ್ತಕವನ್ನೋದಿ ವಿಲಿಯಂ ಸ್ಟಾಬ್ ಎಂಬ ಎಂಜಿನಿಯರ್ ಮನೆಬಳಕೆಯ ಟ್ರೆಡ್‌ಮಿಲ್ ತಯಾರಿಸಿದ ಮೇಲೆ, ಈ ಸಾಧನೆ ಸಾಮಾನ್ಯರ ಮನೆಯೊಳಕ್ಕೂ ಬಂದಿತು.

ಹಾಗಾದರೆ ಶಿಕ್ಷೆಗೂ ಸಾಧನೆಗೂ ಇರುವ ಭೇದವೇನು? ವಿರಾಮವೊಂದೇ ಭೇದವೆಂದು ಹೇಳುವಂತಿಲ್ಲ. ಸೆರೆಮನೆಯ ಚಕ್ರದಲ್ಲೂ ಸರದಿಯ ಪ್ರಕಾರ ಬಿಡುವು ಇತ್ತು. ಆದರೆ ಆ ಬಿಡುವು ಮತ್ತೆ ತುಳಿಸುವುದಕ್ಕೆಂದು ಕೊಟ್ಟದ್ದು. ಅದನ್ನು ಅಳೆದದ್ದು ಕಾವಲುಗಾರನ ಗಡಿಯಾರ. ವಿರಾಮಾಭ್ಯಾಸದ ಬಿಡುವನ್ನು ಅಳೆದದ್ದು ಓಡಿದವನ ನಾಡಿ. ಕೈದಿಯ ಶಕ್ತಿ ಬೆಳೆಯಲಿ ಎಂದು ಯಾರೂ ಬಯಸಿರಲಿಲ್ಲ. ಅವನ ಅನ್ನವೂ ಮಿತವಾದದ್ದೇ.

ಕಿವಿಯಲ್ಲಿ ಕೇಳುವ ಇಂದಿನ ಧ್ವನಿಯನ್ನೂ ಈ ಬೆಳಕಿನಲ್ಲಿಯೇ ನೋಡಬೇಕೆಂದು ನನ್ನ ಎಣಿಕೆ. ‘ಇನ್ನೊಂದು ಸುತ್ತು’ ಎಂದು ಅದು ಹುರಿದುಂಬಿಸುವಾಗ, ಅದಕ್ಕೆ ನಮ್ಮ ನಾಡಿ ಕೇಳಿಸುವುದಿಲ್ಲ. ಕೇಳಿಸುವುದು ನಮಗೆ ಮಾತ್ರ. ಪಟ್ಟಿಯನ್ನು ತಕ್ಷಣ ನಿಲ್ಲಿಸುವ ಕೆಂಪು ಗುಂಡಿಯೊಂದು ಇಂದಿನ ಯಂತ್ರಗಳಲ್ಲಿ ಕೈಗೆಟಕುವಂತೆಯೇ ಇರುತ್ತದೆ. ಬ್ರಿಕ್ಸ್‌ಟನ್ನಿನವರಿಗೂ ಜಮೈಕಾದವರಿಗೂ ಇಲ್ಲದಿದ್ದುದು ಅದೊಂದೇ. ಅದನ್ನು ಒತ್ತಲು ಯಾರೂ ಸಂಕೋಚಪಡಬೇಕಾಗಿಲ್ಲ.